ಮಾರಿದ, ಮಾರಿದ್ದ: ಮಕ್ಕಳ ಇಂಗ್ಲಿಷ್ ಪರೀಕ್ಷೆ ಮತ್ತು ನಮ್ಮ ಮನೆಮಾತು



ಜನವರಿ ಬಂತೆಂದರೆ ಅಲ್ ಮುರಕ್ಕಬಾತ್‌ನ ನಮ್ಮ ಮನೆಗಳ ದಿನಚರಿ ಬದಲಾಗುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿಯುವ ಮೊದಲೇ ಗೋಡೆಯ ಮೇಲೆ ಪರೀಕ್ಷೆಯ ವೇಳಾಪಟ್ಟಿ ಬಂದು ಕೂರುತ್ತದೆ. ವಾರಾಂತ್ಯದ ಭೇಟಿಗಳು ನಿಲ್ಲುತ್ತವೆ, ಭಜನೆಗೂ ಕ್ರಿಕೆಟ್ಟಿಗೂ ರಜೆ ಘೋಷಣೆಯಾಗುತ್ತದೆ. ಈ ಕಾಲದಲ್ಲಿ ನಮ್ಮ ಬಳಗದ ಕೆಲವು ಮನೆಗಳ ಮಕ್ಕಳನ್ನು ಶನಿವಾರ ಬೆಳಿಗ್ಗೆ ಒಂದೆಡೆ ಸೇರಿಸಿ ಓದಿಸುವ ಪದ್ಧತಿಯನ್ನು ನಾವು ನಡೆಸಿಕೊಂಡು ಬಂದಿದ್ದೇವೆ. ಗಣಿತ ಬಲ್ಲವರು ಗಣಿತ, ವಿಜ್ಞಾನ ಬಲ್ಲವರು ವಿಜ್ಞಾನ ನೋಡಿಕೊಳ್ಳುತ್ತಾರೆ. ಇಂಗ್ಲಿಷ್ ಮಾತ್ರ ಎಲ್ಲರಿಗೂ ಬರುತ್ತದೆಂದು ತಿಳಿದು ಯಾರೂ ಅದನ್ನು ಗಂಭೀರವಾಗಿ ಕೈಗೆತ್ತಿಕೊಂಡಿರಲಿಲ್ಲ. ಮಕ್ಕಳು ತಾವೇ ಕುಳಿತು ‘ಗೋ, ವೆಂಟ್, ಗಾನ್, ಸೆಲ್, ಸೋಲ್ಡ್, ಸೋಲ್ಡ್’ ಎಂದು ಮಗ್ಗಿ ಒಪ್ಪಿಸುವಂತೆ ಕ್ರಿಯಾಪದಗಳ ಪಟ್ಟಿಯನ್ನು ಒಪ್ಪಿಸುತ್ತಿದ್ದರು. ನಾವೂ ಅದನ್ನು ಕೇಳಿ ತೃಪ್ತರಾಗುತ್ತಿದ್ದೆವು. ಕನ್ನಡ ಮಾಧ್ಯಮದಲ್ಲಿ ಓದಿ, ಐದನೆಯ ತರಗತಿಯಲ್ಲಿ ಇಂಗ್ಲಿಷ್ ಅಕ್ಷರ ಕಂಡ ನಮ್ಮ ಪೀಳಿಗೆಯವರು ಕಲಿತದ್ದೂ ಹಾಗೆಯೇ ಅಲ್ಲವೇ?

ಕಳೆದ ಬಾರಿಯ ಅನುಭವವೊಂದು ನಮ್ಮ ಈ ತೃಪ್ತಿಯನ್ನು ಕೆಡಿಸಿತು. ಅದನ್ನು ಸದಸ್ಯರೊಂದಿಗೆ ಹಂಚಿಕೊಳ್ಳುವುದು ಅಗತ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಕ್ರಿಯಾಪದಗಳ ಪಟ್ಟಿಯಲ್ಲಿ ಒಂದೂ ತಪ್ಪುವವನಲ್ಲ. ಆದರೆ ಓದಿ ಅರ್ಥಮಾಡಿಕೊಂಡು ಉತ್ತರಿಸುವ ಗದ್ಯಭಾಗದಲ್ಲಿ ಪ್ರತಿ ಸಲವೂ ಅಂಕ ಕಳೆದುಕೊಳ್ಳುತ್ತಿದ್ದ. ಕಾರಣ ತಿಳಿಯಲೆಂದು ನಾವೇ ಒಂದು ಪುಟ್ಟ ಗದ್ಯವನ್ನು ಬರೆದು ಕೊಟ್ಟೆವು. ನಮ್ಮ ಮನೆಗಳಿಂದ ಸ್ವಲ್ಪ ದೂರದಲ್ಲೇ ಇರುವ ಅಲ್ ಮಕ್ತೂಮ್ ಸೇತುವೆ 1963ರಲ್ಲಿ ತೆರೆದದ್ದು, ದುಬೈ ಕ್ರೀಕಿಗೆ ಅದೇ ಮೊದಲ ಸೇತುವೆ. ಆ ಕಾಲದ ಒಬ್ಬ ಅಬ್ರಾ ದೋಣಿಯವನನ್ನು ಕಲ್ಪಿಸಿಕೊಂಡು ಕಟ್ಟಿದ ಕಥೆ ಅದು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ವೆನ್ ದ ಬ್ರಿಡ್ಜ್ ಓಪನ್ಡ್, ದ ಬೋಟ್‌ಮನ್ ಹ್ಯಾಡ್ ಸೋಲ್ಡ್ ಹಿಸ್ ಬೋಟ್.’ ಸೇತುವೆ ತೆರೆದದ್ದರಿಂದ ಪ್ರಯಾಣಿಕರು ಕಡಿಮೆಯಾದುದನ್ನು ಕಂಡು ಆತ ದೋಣಿಯನ್ನು ಮಾರಿದನೇ ಎಂಬುದು ಪ್ರಶ್ನೆ. ಹುಡುಗ ‘ಹೌದು’ ಎಂದು ಬರೆದ.

‘ಸೋಲ್ಡ್’ ಯಾವುದರ ಭೂತಕಾಲ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಾನೆ. ‘ಹ್ಯಾಡ್ ಸೋಲ್ಡ್’ ಯಾವ ಕಾಲ ಎಂದರೆ ಅದರ ಇಂಗ್ಲಿಷ್ ಹೆಸರನ್ನೂ ಹೇಳುತ್ತಾನೆ. ಆದರೆ ಆ ರೂಪ ವಾಕ್ಯದಲ್ಲಿ ಏನು ಕೆಲಸ ಮಾಡುತ್ತಿದೆ ಎಂಬುದು ಅವನಿಗೆ ಕಂಡಿರಲಿಲ್ಲ. ಆಗ ನಮ್ಮಲ್ಲೊಬ್ಬರು ಪುಸ್ತಕ ಮುಚ್ಚಿಸಿ ಕನ್ನಡದಲ್ಲಿ ಎರಡು ವಾಕ್ಯ ಹೇಳಿದರು: ‘ಸೇತುವೆ ತೆರೆದಾಗ ಅಂಬಿಗ ದೋಣಿಯನ್ನು ಮಾರಿದ.’ ‘ಸೇತುವೆ ತೆರೆದಾಗ ಅಂಬಿಗ ದೋಣಿಯನ್ನು ಮಾರಿದ್ದ.’ ಎರಡಕ್ಕೂ ವ್ಯತ್ಯಾಸವೇನು ಎಂದು ಕೇಳಿದರು. ಹುಡುಗ ಕ್ಷಣಮಾತ್ರವೂ ಯೋಚಿಸಲಿಲ್ಲ. ‘ಎರಡನೆಯದರಲ್ಲಿ ಮೊದಲೇ ಮಾರಿಬಿಟ್ಟಿದ್ದ, ಅಂಕಲ್’ ಎಂದ. ಬಳಿಕ ಇಂಗ್ಲಿಷ್ ವಾಕ್ಯವನ್ನು ಮತ್ತೊಮ್ಮೆ ನೋಡಿ, ತನ್ನ ಉತ್ತರವನ್ನು ತಾನೇ ಹೊಡೆದು ಹಾಕಿದ.

ಒಂದು ಒತ್ತಕ್ಷರದ ವ್ಯತ್ಯಾಸ. ವರ್ಷಗಟ್ಟಲೆ ಪಟ್ಟಿ ಉರು ಹಾಕಿದರೂ ತಿಳಿಯದಿದ್ದುದು ಮನೆಮಾತಿನ ಒಂದು ಒತ್ತಕ್ಷರದಿಂದ ತಿಳಿಯಿತು.

ಇಲ್ಲಿಂದ ನಮ್ಮ ಅಭಿಪ್ರಾಯ ಆರಂಭವಾಗುತ್ತದೆ. ಕ್ರಿಯಾಪದದ ರೂಪಗಳ ಅಭ್ಯಾಸ ಒಂದು ಪಾಠ, ಗದ್ಯಗ್ರಹಣ ಇನ್ನೊಂದು ಪಾಠ ಎಂದು ನಾವು ಬೇರೆಬೇರೆಯಾಗಿ ಕಲಿಸುತ್ತಿದ್ದೇವೆ, ಅವೆರಡೂ ಒಂದೇ. ಕಥೆಯಲ್ಲಿ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ, ಯಾವುದು ನಡೆದೇ ಇಲ್ಲ, ಯಾವುದು ನಡೆದೀತೆಂದು ಯಾರೋ ಊಹಿಸಿದರು ಎಂಬುದನ್ನು ತಿಳಿಸುವುದು ಕ್ರಿಯಾಪದವೇ. ಅದನ್ನು ಗ್ರಹಿಸಲು ಬೇಕಾದ ವಿವೇಚನೆ ನಮ್ಮ ಮಕ್ಕಳಲ್ಲಿ ಮನೆಮಾತಿನ ಮೂಲಕ ಆಗಲೇ ನೆಲೆಗೊಂಡಿದೆ. ಅದನ್ನು ಬಳಸಿಕೊಳ್ಳುವ ಬದಲು, ಪರೀಕ್ಷೆಯ ಹೆಸರಿನಲ್ಲಿ ಮನೆಮಾತನ್ನೇ ಮನೆಯಿಂದ ಹೊರಗಿಡುತ್ತಿದ್ದೇವೆ.

ಮೊದಲು ಪರೀಕ್ಷೆಯನ್ನೇ ನೋಡೋಣ. ಇಲ್ಲಿನ ನಮ್ಮ ಮಕ್ಕಳಲ್ಲಿ ಬಹುಪಾಲು ಸಿ.ಬಿ.ಎಸ್.ಇ. ಪಠ್ಯಕ್ರಮದವರು. ಈಚಿನ ವರ್ಷಗಳ ಮಾದರಿಯಂತೆ ಹತ್ತನೆಯ ತರಗತಿಯ ಇಂಗ್ಲಿಷ್ ಪತ್ರಿಕೆ 80 ಅಂಕಗಳದು. ಉಳಿದ 20 ಆಂತರಿಕ ಮೌಲ್ಯಮಾಪನಕ್ಕೆ. ಈ 80ರಲ್ಲಿ ಹಿಂದೆ ಓದಿರದ ಎರಡು ಗದ್ಯಭಾಗಗಳಿಗೆ 20, ವ್ಯಾಕರಣಕ್ಕೆ 10, ಬರವಣಿಗೆಗೆ 10, ಸಾಹಿತ್ಯಕ್ಕೆ 40. ವ್ಯಾಕರಣದ ಪ್ರಶ್ನೆಗಳಾದರೂ ಪಟ್ಟಿಯನ್ನು ಕೇಳುವುದಿಲ್ಲ. ವಾಕ್ಯದಲ್ಲಿ ಬಿಟ್ಟ ಸ್ಥಳ ತುಂಬುವುದು, ಸಾಲಿನಲ್ಲಿ ಅಡಗಿರುವ ತಪ್ಪನ್ನು ಹುಡುಕಿ ತಿದ್ದುವುದು, ಸಂಭಾಷಣೆಯನ್ನು ವರದಿಯ ರೂಪಕ್ಕೆ ತಿರುಗಿಸುವುದು ಇತ್ಯಾದಿ. ಅರ್ಥ ತಿಳಿಯದೆ ಇವುಗಳಲ್ಲಿ ಯಾವುದನ್ನೂ ಮಾಡಲಾಗದು. ಊರಿನಲ್ಲಿ ಹತ್ತೂವರೆ, ಇಲ್ಲಿ ಒಂಬತ್ತು ಗಂಟೆಗೆ ಬರವಣಿಗೆ ಆರಂಭವಾಗುವ ಮುನ್ನ ಪ್ರಶ್ನೆಪತ್ರಿಕೆಯನ್ನು ಓದಲೆಂದೇ 15 ನಿಮಿಷ ಕೊಡುತ್ತಾರೆ. ಓದಲು ಬಲ್ಲ ಮಗುವಿಗೆ ಆ 15 ನಿಮಿಷ ದೊಡ್ಡ ಆಸ್ತಿ. ಪಟ್ಟಿಯನ್ನು ಮಾತ್ರ ಬಲ್ಲ ಮಗುವಿಗೆ ಅದು ಗಾಬರಿಯ ಕಾಲ. ಬ್ರಿಟಿಷ್ ಪಠ್ಯಕ್ರಮದಲ್ಲಿ ಓದುವ ಮಕ್ಕಳಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಇನ್ನು ಭಾಷೆಯ ವಿಚಾರ. ಕನ್ನಡದಲ್ಲಿ ಕ್ರಿಯಾಪದದ ಸಂಪತ್ತು ಕಡಿಮೆಯದಲ್ಲ. ಬರುತ್ತಾನೆ, ಬರುತ್ತಿದ್ದಾನೆ, ಬಂದ, ಬಂದಿದ್ದಾನೆ, ಬಂದಿದ್ದ, ಬರುತ್ತಿದ್ದ, ಬಂದಾನು, ಬಾರನು: ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಛಾಯೆ. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಧಾತುವಿಗೂ ಆಖ್ಯಾತಕ್ಕೂ ಪ್ರತ್ಯೇಕ ಪ್ರಕರಣಗಳನ್ನೇ ಮೀಸಲಿಟ್ಟಿದ್ದಾನೆ. ನಮ್ಮ ಬಳಗದ ಅನೇಕರ ಮನೆಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಕೊಡವ. ಅಲ್ಲಿಯೂ ಈ ಸೂಕ್ಷ್ಮಗಳುಂಟು. ತುಳುವಿನ ‘ಬತ್ತೆ’ ಮತ್ತು ‘ಬೈದೆ’ ಎಂಬ ಎರಡು ರೂಪಗಳ ಅಂತರವನ್ನು ಬಲ್ಲ ಮಗುವಿಗೆ ಇಂಗ್ಲಿಷಿನ ‘ಕೇಮ್’ ಮತ್ತು ‘ಹ್ಯಾಸ್ ಕಮ್’ ರೂಪಗಳ ಅಂತರವನ್ನು ಹೊಸದಾಗಿ ಕಲಿಸಬೇಕಾಗಿಲ್ಲ, ತೋರಿಸಿದರೆ ಸಾಕು.

ಹಾಗೆಂದು ಎಲ್ಲವೂ ಸರಿಸಮವಾಗಿ ಹೊಂದುತ್ತದೆ ಎಂದು ಹೇಳುವುದು ಪ್ರಾಮಾಣಿಕವಾಗದು. ಹೊಂದದಿರುವ ಕಡೆಗಳಲ್ಲಿಯೇ ನಮ್ಮ ಮಕ್ಕಳು ಎಡವುತ್ತಾರೆ; ಸತ್ಯ ಹೇಳಬೇಕೆಂದರೆ ನಾವೂ ಕಚೇರಿಯಲ್ಲಿ ಅಲ್ಲಿಯೇ ಎಡವುತ್ತೇವೆ. ‘ನಾನು ನಿನ್ನೆಯೇ ಊರಿನಿಂದ ಬಂದಿದ್ದೇನೆ’ ಎನ್ನುವುದು ಸಹಜವಾದ ಕನ್ನಡ. ಅದನ್ನೇ ‘ಐ ಹ್ಯಾವ್ ಕಮ್ ಯೆಸ್ಟರ್ಡೇ’ ಎಂದರೆ ಇಂಗ್ಲಿಷಿನಲ್ಲಿ ತಪ್ಪು. ಮುಗಿದುಹೋದ ಹೊತ್ತನ್ನು ಹೆಸರಿಸಿದ ಮೇಲೆ ಆ ಭಾಷೆ ‘ಹ್ಯಾವ್’ ಅನ್ನು ಒಪ್ಪುವುದಿಲ್ಲ. ‘ಹತ್ತು ವರ್ಷಗಳಿಂದ ಇಲ್ಲಿದ್ದೇವೆ’ ಎಂಬುದರಿಂದ ‘ವಿ ಆರ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಹುಟ್ಟುತ್ತದೆ. ಅಲ್ಲಿ ‘ಹ್ಯಾವ್ ಬೀನ್’ ಮತ್ತು ‘ಫಾರ್’ ಬೇಕು.

ಇನ್ನೂ ಸೂಕ್ಷ್ಮವಾದದ್ದು ನಮ್ಮ ‘ಎಂದು’. ಅಮ್ಮ ‘ನಾಳೆ ಬರುತ್ತೇನೆ’ ಎಂದು ಹೇಳಿದಳು ಎನ್ನುವಾಗ ಅಮ್ಮನ ಮಾತನ್ನು ನಾವು ಇದ್ದಂತೆಯೇ ಇಟ್ಟುಕೊಳ್ಳುತ್ತೇವೆ. ಮಗು ಅದೇ ಜಾಡಿನಲ್ಲಿ ‘ಮದರ್ ಸೆಡ್ ದಟ್ ಐ ವಿಲ್ ಕಮ್ ಟುಮಾರೊ’ ಎಂದು ಬರೆದರೆ ಬರುವವರು ಅಮ್ಮನಲ್ಲ, ಬರೆದ ಮಗುವೇ ಎಂದಾಗುತ್ತದೆ. ‘ಶೀ ವುಡ್ ಕಮ್ ದ ನೆಕ್ಸ್ಟ್ ಡೇ’ ಎಂದಾಗಬೇಕು. ಹಾಗೆಯೇ ‘ನಿನ್ನೆ ಬಂದ ಹುಡುಗ’ ಎಂದು ನಾವು ವಿವರಣೆಯನ್ನು ಹೆಸರಿಗೆ ಮೊದಲು ಇಡುತ್ತೇವೆ, ಇಂಗ್ಲಿಷ್ ಹೆಸರಿನ ನಂತರ ಇಡುತ್ತದೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬಂದು ಕೂರುತ್ತದೆ, ಅವರದು ನಡುವಿನಲ್ಲಿ ನಿಲ್ಲುತ್ತದೆ. ಆದ್ದರಿಂದಲೇ ಉದ್ದವಾದ ಇಂಗ್ಲಿಷ್ ವಾಕ್ಯದಲ್ಲಿ ಯಾರು ಏನು ಮಾಡಿದರು ಎಂಬುದು ಮಗುವಿಗೆ ಕೈತಪ್ಪಿ ಹೋಗುತ್ತದೆ.

ಈ ತಪ್ಪುಗಳನ್ನು ಕಂಡು ‘ಕನ್ನಡದಿಂದಲೇ ಇಂಗ್ಲಿಷ್ ಕೆಟ್ಟಿತು’ ಎನ್ನುವವರಿದ್ದಾರೆ. ನಮ್ಮ ಅನುಭವ ಬೇರೆ. ಎರಡು ಭಾಷೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಇಲ್ಲಿ ಹೀಗೆ, ಅಲ್ಲಿ ಹಾಗೆ ಎಂದು ತೋರಿಸಿದ ಮೇಲೆ ಅದೇ ತಪ್ಪು ಮರುಕಳಿಸಿದ್ದು ಕಡಿಮೆ. ತೋರಿಸದೆ, ಕೆಂಪು ಶಾಯಿಯಲ್ಲಿ ಗೀಟು ಹಾಕಿ ಬಿಟ್ಟರೆ ತಪ್ಪು ಹಾಗೆಯೇ ಉಳಿಯುತ್ತದೆ.

ಈಗ ಆ ಹುಡುಗನ ಮನೆಯ ಸಂಗತಿಗೆ ಬರೋಣ. ಆ ಕುಟುಂಬದ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಅರ್ಧವಾರ್ಷಿಕ ಪರೀಕ್ಷೆಯ ನಂತರ ಶಾಲೆಯ ಪೋಷಕರ ಸಭೆಯಲ್ಲಿ ಅವನ ತಾಯಿಗೆ ಒಂದು ಸಲಹೆ ಸಿಕ್ಕಿತು: ಮನೆಯಲ್ಲಿ ಇಂಗ್ಲಿಷಿನಲ್ಲಿಯೇ ಮಾತನಾಡಿಸಿ, ಅಂಕ ತಾನಾಗಿ ಏರುತ್ತದೆ. ಸದುದ್ದೇಶದ ಸಲಹೆಯೇ ಇರಬಹುದು. ಅಂದಿನಿಂದ ಮನೆಯಲ್ಲಿ ಕನ್ನಡ ನಿಂತಿತು. ಅದೇ ಹೊತ್ತಿಗೆ ಸಾಗರದಿಂದ ಅಜ್ಜಿ ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಅಜ್ಜಿಗೆ ಇಂಗ್ಲಿಷ್ ಬಾರದು. ಮೊಮ್ಮಗ ಶಾಲೆಯಿಂದ ಬಂದೊಡನೆ ಬಾಗಿಲಲ್ಲಿ ‘ಏನು ತಿಂದೆ, ಯಾರ ಜೊತೆ ಆಡಿದೆ’ ಎಂದು ಕೇಳುತ್ತಿದ್ದವರು, ಹುಡುಗ ಉತ್ತರಿಸಲೋ ಬೇಡವೋ ಎಂದು ಅಮ್ಮನ ಮುಖ ನೋಡುವುದನ್ನು ಕಂಡು ಕ್ರಮೇಣ ಕೇಳುವುದನ್ನೇ ಬಿಟ್ಟರು. ಸಂಜೆಯ ಹೊತ್ತು ಕಿಟಕಿಯ ಬಳಿ ಕುಳಿತು ರಸ್ತೆಯನ್ನು ನೋಡುತ್ತಿದ್ದರಂತೆ. ಅವಧಿ ಮುಗಿಯಿತು, ಊರಿಗೆ ಹೋದರು. ಹುಡುಗನ ಇಂಗ್ಲಿಷ್ ಅಂಕ ಮುಂದಿನ ಪರೀಕ್ಷೆಯಲ್ಲಿಯೂ ಮೊದಲು ಇದ್ದಲ್ಲಿಯೇ ಇತ್ತು.

‘ಅಂಕ ಬರದಿದ್ದರೆ ಹೋಗಲಿ, ಅತ್ತೆಯವರ ಆ ಮೂರು ತಿಂಗಳನ್ನು ನಾನು ಹಿಂದಿರುಗಿಸಲಾರೆ’ ಎಂದು ಆ ತಾಯಿ ನಮ್ಮೊಡನೆ ಹೇಳಿದರು. ಅವರನ್ನು ದೂರುವ ಹಕ್ಕು ನಮಗಿಲ್ಲ. ನಮ್ಮಲ್ಲಿ ಹಲವರು ಇದನ್ನೇ ಮಾಡಿದ್ದೇವೆ. ಅಜ್ಜಿ ಬಂದಿರದ ಕಾರಣ ನಮಗೆ ಅದರ ಬೆಲೆ ಕಾಣಲಿಲ್ಲ, ಅಷ್ಟೇ.

ಶಾಲೆಯ ಸಲಹೆಯಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳುವುದಿಲ್ಲ. ಯಾವ ಭಾಷೆಯೇ ಆಗಲಿ, ಹೆಚ್ಚು ಕೇಳಿದಷ್ಟೂ ಹೆಚ್ಚು ಓದಿದಷ್ಟೂ ಬರುತ್ತದೆ. ಆದರೆ ನಮ್ಮ ಮಕ್ಕಳು ದಿನದ ಬಹುಭಾಗ ಶಾಲೆಯಲ್ಲಿ, ಬಸ್ಸಿನಲ್ಲಿ, ಗೆಳೆಯರೊಡನೆ ಇಂಗ್ಲಿಷನ್ನೇ ಕೇಳುತ್ತಾರೆ. ಮನೆಯಲ್ಲಿ ಅದರ ಮೇಲೆ ನಾವು ಸೇರಿಸುವುದೇನು? ‘ಕಮ್ ಫಾಸ್ಟ್, ಈಟ್ ಫಾಸ್ಟ್, ಹೋಂವರ್ಕ್ ಫಿನಿಷ್ಡ್?’ ಎಂಬಷ್ಟೇ. ಇದೇ ತಂದೆ ತಾಯಿ ಕನ್ನಡದಲ್ಲಿ ಮಾತಿಗೆ ಕುಳಿತರೆ ಊರಿನ ಜಗಳ, ಬೆಳೆ, ಮಳೆ, ಮದುವೆ, ನ್ಯಾಯ, ಅನ್ಯಾಯ ಎಲ್ಲವೂ ಬರುತ್ತದೆ. ಏಕೆ, ಹೇಗೆ, ಹಾಗಾಗದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗಳು ಬರುತ್ತವೆ. ಗದ್ಯಗ್ರಹಣಕ್ಕೆ ಬೇಕಾದದ್ದು ಈ ಎರಡನೆಯ ಬಗೆಯ ಮಾತು.

ಶಿಕ್ಷಣ ತಜ್ಞರ ಮಾತೂ ಇದಕ್ಕೆ ಹತ್ತಿರವಾಗಿದೆ. ಗಫ್ ಮತ್ತು ಟನ್ಮರ್ ಎಂಬಿಬ್ಬರು 1986ರಲ್ಲಿ ಮಂಡಿಸಿದ ಸರಳ ಸೂತ್ರದ ಪ್ರಕಾರ ಓದಿನ ಗ್ರಹಿಕೆಯೆಂದರೆ ಅಕ್ಷರಗಳನ್ನು ಬಿಡಿಸಿ ಓದುವ ಶಕ್ತಿ ಮತ್ತು ಭಾಷೆಯನ್ನು ಅರ್ಥಮಾಡಿಕೊಳ್ಳುವ ಶಕ್ತಿ, ಇವೆರಡರ ಗುಣಲಬ್ಧ. ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಅಮೆರಿಕದ ಮಕ್ಕಳಿಗೆ ಬೇಸ್‌ಬಾಲ್ ಆಟದ ಕುರಿತ ಗದ್ಯವೊಂದನ್ನು ಕೊಟ್ಟು ನೋಡಿದರು. ಓದಿನಲ್ಲಿ ಹಿಂದುಳಿದಿದ್ದರೂ ಆಟವನ್ನು ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟವನ್ನರಿಯದ ಮಕ್ಕಳಿಗಿಂತ ಚೆನ್ನಾಗಿ ಗ್ರಹಿಸಿದರು. ಮುರಕ್ಕಬಾತ್‌ನ ಫ್ಲ್ಯಾಟಿನಲ್ಲಿ ಬೆಳೆದ ಮಗುವಿನ ಮುಂದೆ ಭತ್ತದ ನಾಟಿಯ ಗದ್ಯವೋ ಕೆರೆಯ ಹೂಳಿನ ಗದ್ಯವೋ ಬಂದರೆ, ಅಜ್ಜಿಯಿಂದ ಆ ಮಾತುಗಳನ್ನು ಕೇಳಿರುವ ಮಗುವಿಗೆ ಅರ್ಧ ದಾರಿ ಆಗಲೇ ಕ್ರಮಿಸಿರುತ್ತದೆ. ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1970ರ ದಶಕದ ಕೊನೆಯಿಂದ ಪ್ರತಿಪಾದಿಸುತ್ತ ಬಂದಿರುವುದೂ ಇದನ್ನೇ: ಒಂದು ಭಾಷೆಯಲ್ಲಿ ಬೆಳೆದ ಚಿಂತನೆಯ ಬಲ ಇನ್ನೊಂದು ಭಾಷೆಯ ಕಲಿಕೆಗೆ ಒದಗುತ್ತದೆ.

ನಮ್ಮ ನಾಡಿನ ಸಾಕ್ಷಿಯೇ ಬೇಕೆಂದರೆ ಬಹುದೂರ ಹೋಗಬೇಕಾಗಿಲ್ಲ. ಬಿ.ಎಂ.ಶ್ರೀ., ವಿ.ಕೃ. ಗೋಕಾಕ, ಗೋಪಾಲಕೃಷ್ಣ ಅಡಿಗ, ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್: ಇವರೆಲ್ಲರೂ ಇಂಗ್ಲಿಷ್ ಅಧ್ಯಾಪಕರು. ಗೋಕಾಕರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. 1980ರ ದಶಕದ ಆರಂಭದಲ್ಲಿ ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಸಿಗಬೇಕೆಂದು ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಇಂಗ್ಲಿಷನ್ನು ಅಷ್ಟು ಬಲ್ಲವರಿಗೆ ಕನ್ನಡ ಅಡ್ಡಿಯೆಂದು ಕಾಣಲಿಲ್ಲ. ಇಂಗ್ಲಿಷನ್ನು ಅರೆಬರೆ ಬಲ್ಲ ನಮಗೆ ಹಾಗೆ ಕಾಣುವುದೇಕೆ ಎಂದು ಯೋಚಿಸಬೇಕು.

ಆದ್ದರಿಂದ ಸದಸ್ಯ ಕುಟುಂಬಗಳ ಮುಂದೆ ಕೆಲವು ಸಲಹೆಗಳನ್ನು ಇಡಬಯಸುತ್ತೇವೆ.

ಮೊದಲನೆಯದು, ಕ್ರಿಯಾಪದಗಳ ಪಟ್ಟಿಯನ್ನು ಬಿಸಾಡಬೇಕಾಗಿಲ್ಲ. ಅನಿಯತ ರೂಪಗಳನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ. ಆದರೆ ದಿನಕ್ಕೆ ಐದು ಕ್ರಿಯಾಪದಗಳು ಸಾಕು. ಆ ಐದನ್ನೂ ಬಳಸಿ ಮಗು ಅಂದಿನ ದಿನದ ಸಂಗತಿಯನ್ನು ಐದು ಸಾಲುಗಳಲ್ಲಿ ಬರೆಯಲಿ. ಶಾಲೆಯ ಬಸ್ಸು ಬರುವ ಮೊದಲೇ ಏನು ಆಗಿತ್ತು, ಬಂದಾಗ ಏನು ಆಗುತ್ತಿತ್ತು, ಬಂದ ಮೇಲೆ ಏನಾಯಿತು ಎಂದು.

ಎರಡನೆಯದು, ಗದ್ಯವನ್ನು ಓದುವಾಗ ಪ್ರತಿ ವಾಕ್ಯದ ಮುಖ್ಯ ಕ್ರಿಯಾಪದದ ಕೆಳಗೆ ಗೆರೆ ಎಳೆಯಲಿ. ಆಮೇಲೆ ಆ ಕ್ರಿಯಾಪದವನ್ನೇ ಕೇಳಲಿ: ಯಾರು? ಏನನ್ನು? ಯಾವಾಗ? ಮೊದಲೋ, ಆಮೇಲೋ? ಉತ್ತರವನ್ನು ಮನೆಮಾತಿನಲ್ಲಿ ಹೇಳಿದರೂ ತಡೆಯಬೇಡಿ. ಕೊನೆಗೆ ಇಡೀ ಗದ್ಯದ ಸಾರವನ್ನು ಎರಡು ವಾಕ್ಯಗಳ ಕನ್ನಡದಲ್ಲಿ ಹೇಳಲು ಬಂದರೆ ಮಗುವಿಗೆ ಅರ್ಥವಾಗಿದೆ ಎಂದು ತಿಳಿಯಿರಿ. ಬಾರದಿದ್ದರೆ ಇಂಗ್ಲಿಷಿನಲ್ಲಿ ಬರೆದ ಉತ್ತರ ಬರಿಯ ನಕಲು. ಪರೀಕ್ಷೆಯಲ್ಲಿ ಬರೆಯಬೇಕಾದ ಉತ್ತರವನ್ನು ಆ ಬಳಿಕ ಇಂಗ್ಲಿಷಿನಲ್ಲಿಯೇ ಬರೆಯಿಸಿ.

ಮೂರನೆಯದು, ಪ್ರಶ್ನೆಪತ್ರಿಕೆಗಳ ಆಚೆಗೂ ಓದಿಸಿ. ಈ ದೇಶ 2016ನ್ನು ಓದಿನ ವರ್ಷವೆಂದೇ ಆಚರಿಸಿತ್ತು. 2022ರಲ್ಲಿ ತೆರೆದ ಮೊಹಮ್ಮದ್ ಬಿನ್ ರಾಶಿದ್ ಗ್ರಂಥಾಲಯ ಅಲ್ ಜದ್ದಾಫ್‌ನಲ್ಲಿ, ಇದೇ ಕ್ರೀಕಿನ ದಡದಲ್ಲಿದೆ. ಮಾಲುಗಳಿಗೆ ಕರೆದೊಯ್ಯುವ ನಾವು ತಿಂಗಳಿಗೊಮ್ಮೆ ಅಲ್ಲಿಗೂ ಕರೆದೊಯ್ಯಬಹುದು.

ನಾಲ್ಕನೆಯದು, ಊರಿನ ಹಿರಿಯರಿಗೆ ವಾರಕ್ಕೊಮ್ಮೆ ಕರೆ ಮಾಡಿ, ತಾನು ಓದಿದ ಇಂಗ್ಲಿಷ್ ಗದ್ಯದ ಕಥೆಯನ್ನು ಮಗು ಅವರಿಗೆ ಅವರ ಭಾಷೆಯಲ್ಲಿ ಹೇಳಲಿ. ಅಜ್ಜ ಅಜ್ಜಿಯರು ಸುಮ್ಮನೆ ಕೇಳುವವರಲ್ಲ, ನಡುನಡುವೆ ಪ್ರಶ್ನೆ ಕೇಳುತ್ತಾರೆ. ಗದ್ಯಗ್ರಹಣಕ್ಕೆ ಅವರಿಗಿಂತ ಒಳ್ಳೆಯ ಪರೀಕ್ಷಕರು ಸಿಗುವುದು ಕಷ್ಟ.

ಕನ್ನಡ ಅಕ್ಷರ ಕಲಿಸಲು ಈ ನಗರದಲ್ಲಿ ಸ್ವಯಂಸೇವಕರು ವಾರಾಂತ್ಯದ ತರಗತಿಗಳನ್ನು ನಡೆಸುತ್ತಿದ್ದಾರೆ. ಪರೀಕ್ಷೆಯ ತಿಂಗಳುಗಳಲ್ಲಿ ಮೊದಲು ತಪ್ಪಿಸುವುದು ಆ ತರಗತಿಯನ್ನೇ ಎಂಬುದು ನಮಗೆಲ್ಲ ಗೊತ್ತು. ವಾರಕ್ಕೆ ಒಂದೆರಡು ಗಂಟೆಯ ಕನ್ನಡದಿಂದ ಇಂಗ್ಲಿಷ್ ಅಂಕ ಇಳಿಯಿತೆಂದು ನಮ್ಮ ಬಳಗದಲ್ಲಿ ಯಾರೂ ಈವರೆಗೆ ತೋರಿಸಿಲ್ಲ. ಈ ಬಾರಿ ಅದನ್ನು ತಪ್ಪಿಸದಿರೋಣ.

ಆ ಹುಡುಗ ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಅವನ ಅಂಕ ಎಷ್ಟಾಗುವುದೋ ಪರೀಕ್ಷೆ ಮುಗಿದ ಮೇಲೆ ತಿಳಿಯುತ್ತದೆ. ಅದನ್ನು ಮುಂಗಡವಾಗಿ ಹೇಳಿ ನಿಮ್ಮನ್ನು ಒಪ್ಪಿಸುವ ಇಚ್ಛೆ ನಮಗಿಲ್ಲ. ಶುಕ್ರವಾರ ಸಂಜೆ ಅವನು ಸಾಗರಕ್ಕೆ ಕರೆ ಮಾಡುತ್ತಾನೆ. ದೋಣಿಯವನ ಕಥೆಯನ್ನು ಅಜ್ಜಿಗೆ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಮಾರಿದ ಮೇಲೆ ಹೊಟ್ಟೆಪಾಡಿಗೆ ಏನು ಮಾಡಿದನೋ ಮಾರಾಯ?’ ಎಂದಂತೆ. ಅದಕ್ಕೆ ಗದ್ಯದಲ್ಲಿ ಉತ್ತರವಿರಲಿಲ್ಲ. ಹುಡುಗ ಮರುದಿನ ನಮ್ಮ ಬಳಿ ಬಂದು, ಕಥೆಯ ಮುಂದಿನ ಭಾಗವನ್ನು ತಾನೇ ಇಂಗ್ಲಿಷಿನಲ್ಲಿ ಬರೆಯಬಹುದೇ ಎಂದು ಕೇಳಿದ.

ಶನಿವಾರದ ಓದಿನ ಬಳಗಕ್ಕೆ ಇಂಗ್ಲಿಷ್ ಕಲಿಸಬಲ್ಲ, ಮನೆಮಾತನ್ನು ಬಳಸಲು ಹಿಂಜರಿಯದ ಸದಸ್ಯರು ಬೇಕಾಗಿದ್ದಾರೆ. ನಿವೃತ್ತ ಶಿಕ್ಷಕರು, ಗೃಹಿಣಿಯರು, ಕಾಲೇಜಿನ ಮಕ್ಕಳು ಯಾರಾದರೂ ಸರಿ. ವಾರಕ್ಕೆ ಎರಡು ಗಂಟೆ ಕೊಡಬಲ್ಲವರು ಸಂಘದ ಸ್ವಯಂಸೇವಕರಿಗೆ ತಿಳಿಸಬೇಕೆಂದು ವಿನಂತಿ. ಪರೀಕ್ಷೆ ಬರೆಯಲಿರುವ ನಮ್ಮೆಲ್ಲ ಮಕ್ಕಳಿಗೆ ಶುಭವಾಗಲಿ.